ಝಳಕಿ ಕ್ರಾಸಿನ ಕವಿಬಳಗ: ಒಂದು ಸಾಂಸ್ಕೃತಿಕ, ಗಣಿತೀಯ ಹಾಗೂ ಚಹಾಪರ ಅಧ್ಯಯನ

1. ಪೀಠಿಕೆ

ಸೊಲ್ಲಾಪುರ–ವಿಜಯಪುರ ಹೆದ್ದಾರಿಯಲ್ಲಿ, ಒಂದು ಕೈಯನ್ನು ಇಂಡಿಯತ್ತ, ಇನ್ನೊಂದನ್ನು ಚಡಚಣದತ್ತ ಚಾಚಿ ನಿಂತಿರುವುದು ಝಳಕಿ ಕ್ರಾಸ್. ಇಲ್ಲಿ ಲಾರಿಗಳು ನಿಲ್ಲುವುದೇಕೆ, ಬಸ್ಸುಗಳು ನಿಲ್ಲದಿರುವುದೇಕೆ ಎಂಬ ಬಗ್ಗೆ ಚಹಾದಂಗಡಿಗಳಲ್ಲಿ ಸಾಕಷ್ಟು ಚರ್ಚೆಯಾಗಿದೆ. ಆದರೆ ತಿಂಗಳಿಗೊಮ್ಮೆ ಇಲ್ಲಿ ಕವಿಗಳೂ ನಿಲ್ಲುತ್ತಾರೆ, ನಿಂತು ಓದುತ್ತಾರೆ, ಓದಿದ ಮೇಲೆ ಕೂಡ್ರುವುದಿಲ್ಲ ಎಂಬ ಸಂಗತಿಯತ್ತ ವಿದ್ವತ್ ಲೋಕ ಕಣ್ಣೆತ್ತಿಯೂ ನೋಡಿಲ್ಲ. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

2. ಅಧ್ಯಯನ ವಿಧಾನ

ಸಂಶೋಧಕನು ಬಳಗದ ಸದಸ್ಯನಾಗಿಯೇ ಮಾಹಿತಿ ಸಂಗ್ರಹಿಸಿದ್ದಾನೆ. ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಸಹಭಾಗಿ ಅವಲೋಕನ ಎನ್ನುತ್ತಾರೆ. ಊರಲ್ಲಿ "ಅಂವನೂ ಅದ ಪೈಕಿ" ಎನ್ನುತ್ತಾರೆ. ಎರಡೂ ವ್ಯಾಖ್ಯೆಗಳನ್ನು ಸಂಶೋಧಕ ಒಪ್ಪಿಕೊಂಡಿದ್ದಾನೆ.

3. ಐತಿಹಾಸಿಕ ಹಿನ್ನೆಲೆ

ಇಂಥ ಬಳಗಗಳ ಮೂಲವನ್ನು ಹುಡುಕಲು ಈ ಜಿಲ್ಲೆಯವರು ದೂರ ಹೋಗಬೇಕಿಲ್ಲ. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಶರಣರನ್ನು ಕೂಡಿಸಿದ, ಅಲ್ಲಮ ಶೂನ್ಯಪೀಠವನ್ನೇರಿದ. ಅಂದಿಗೂ ಇಂದಿಗೂ ಕೆಲವು ಸೂಕ್ಷ್ಮ ವ್ಯತ್ಯಾಸಗಳಿವೆ. ಅಂದು ವಚನದ ಕೊನೆಗೆ ಇಷ್ಟದೈವದ ಅಂಕಿತವಿರುತ್ತಿತ್ತು. ಇಂದು ಕವನದ ಕೊನೆಗೆ ಕವಿಯ ಪೂರ್ಣ ಹೆಸರು, ಹುದ್ದೆ, ನಿವೃತ್ತಿಯಾಗಿದ್ದರೆ ಹಿಂದಿನ ಹುದ್ದೆ ಮತ್ತು ಮೊಬೈಲ್ ನಂಬರು ಇರುತ್ತವೆ. ಅಂದು ಅಧ್ಯಕ್ಷರು ಪ್ರಶ್ನೆ ಕೇಳುತ್ತಿದ್ದರು. ಇಂದಿನ ಅಧ್ಯಕ್ಷರು "ಎಲ್ಲ ಕವನಗಳೂ ಒಂದಕ್ಕಿಂತ ಒಂದು ಚಲೋ ಅದಾವ" ಎಂದು ಹೇಳಿ, ತಮ್ಮ ಕವನಕ್ಕೆ ಕನ್ನಡಕ ಹುಡುಕುತ್ತಾರೆ.

4. ಕವಿಗಳ ವರ್ಗೀಕರಣ

ಅ) ಮಳೆಕವಿ: ಮಳೆಯ ಮೇಲೆ ಮಾತ್ರ ಬರೆಯುವವನು. ಈ ಬರದ ಸೀಮೆಯಲ್ಲಿ ಬಿದ್ದ ಮಳೆಗಿಂತ ಬರೆದ ಮಳೆಯೇ ಹೆಚ್ಚು ಎಂಬುದು ಇವನ ಕೊಡುಗೆ.

ಆ) ಜಯಂತಿಕವಿ: ಇವನಲ್ಲಿ ಒಂದೇ ಕವನವಿದೆ, ಹೆಸರಿನ ಜಾಗ ಖಾಲಿ ಇದೆ. ಕ್ಯಾಲೆಂಡರ್ ನೋಡಿ ತುಂಬುತ್ತಾನೆ.

ಇ) ಬಸ್ಸುಕವಿ: ತನ್ನ ಸರದಿ ಮುಗಿದ ಕೂಡಲೇ "ಬಸ್ ಹೋಗ್ತದರಿ" ಎಂದು ಏಳುವವನು. ಬೇರೆ ಊರುಗಳಲ್ಲಿ ಈ ನೆಪ ಸುಳ್ಳಾಗಬಹುದು. ಝಳಕಿ ಕ್ರಾಸಿನಲ್ಲಿ ನಾಲ್ಕು ದಿಕ್ಕಿಗೂ ಯಾವುದಾದರೊಂದು ಬಸ್ಸು ಹೋಗುತ್ತಲೇ ಇರುವುದರಿಂದ ಅದು ಸದಾ ಸತ್ಯ. ಈ ವರ್ಗದ ಕವಿಗಳು ಇಲ್ಲಿ ದಟ್ಟವಾಗಿರುವುದಕ್ಕೆ ಇದೇ ಭೌಗೋಳಿಕ ಕಾರಣ.

5. ನಿಯಮಗಳು

ಶಾಲಿನ ನಿಯಮ: ಬಳಗದಲ್ಲಿರುವ ಶಾಲುಗಳ ಒಟ್ಟು ಸಂಖ್ಯೆ ಎಂದೂ ಬದಲಾಗದು, ಹೆಗಲುಗಳು ಮಾತ್ರ ಬದಲಾಗುತ್ತವೆ. ಹೋದ ತಿಂಗಳು ಹೊದ್ದವನು ಈ ತಿಂಗಳು ಹೊದಿಸುತ್ತಾನೆ.

ಉದ್ದದ ನಿಯಮ: ಕೇಳುವವರು ಕಡಿಮೆಯಾದಷ್ಟೂ ಕವನ ಉದ್ದವಾಗುತ್ತದೆ. ಕೊನೆಗೆ ಓದುವವನ ಪಾಲಿಗೆ ಅದು ಖಂಡಕಾವ್ಯ.

ಕೇಳುಗಶೂನ್ಯ ಪ್ರಮೇಯ: ಎಲ್ಲರೂ ಕವಿಗಳಾದ ಸಭೆಯಲ್ಲಿ ಕೇಳುವವನು ಹೊರಗಿನಿಂದಲೇ ಬರಬೇಕು. ಇದನ್ನು ಸಂಶೋಧಕ ಪ್ರಯೋಗದಿಂದ ಸಿದ್ಧಪಡಿಸಿದ್ದಾನೆ. ಒಂದು ಸಂಜೆ ನಿವೃತ್ತ ಮಾಸ್ತರರೊಬ್ಬರು ಕವನ ಓದುತ್ತಿದ್ದರು. ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರಾಲಿ ಎಳೆದುಕೊಂಡು ಹಾಡು ಹಚ್ಚಿ ಹೋಯಿತು. ಮಾಸ್ತರರು ಅದು ದಾಟುವವರೆಗೆ ತಡೆದರು. ಚಹಾ ತಂದ ಹುಡುಗ ಮಿರ್ಚಿ ಭಜಿಯ ಪ್ಲೇಟು ಹಿಡಿದು ಬಾಗಿಲಲ್ಲೇ ನಿಂತಿದ್ದ.

"ಮುಗೀತೇನ್ರಿ ಸರ?"

"ಇಲ್ಲೋ ತಮ್ಮಾ, ಉಸುರ ತಗೊಂಡೆ."

"ಮೊದಲನೇ ಸಾಲ ಭಾಳ ಚಲೋ ಇತ್ರಿ. ಅಲ್ಲೇ ಮುಗಸಬೇಕಾಗಿತ್ತು."

ಬಳಗದ ಇತಿಹಾಸದಲ್ಲಿ ದಾಖಲಾದ ಏಕೈಕ ವಿಮರ್ಶೆ ಇದು. ಉಳಿದವರೆಲ್ಲ ಆ ಹೊತ್ತಿಗೆ ತಂತಮ್ಮ ಹಾಳೆಗಳಲ್ಲಿ ಕಣ್ಣಾಡಿಸುತ್ತಿದ್ದುದರಿಂದ ಮೊದಲನೆಯ ಸಾಲು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ.

6. ಒಂದು ಅಪವಾದ ಮತ್ತು ಅದರ ಖಂಡನೆ

ಮೇಲಿನ ನಿಯಮಗಳನ್ನೆಲ್ಲ ಮುರಿದ ಒಂದು ಪ್ರಕರಣ ಇದೇ ಸೀಮೆಯಲ್ಲಿದೆ. ಚಡಚಣದ ಮಗ್ಗುಲಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ರೇವಪ್ಪ ಕಾಪಸೆ, ಪಿ. ಧೂಲಾಸಾಹೇಬ ಎಂಬ ಗೆಳೆಯರ ಗುಂಪಿತ್ತು. ಧಾರವಾಡದ ಬೇಂದ್ರೆಯವರ ಗೆಳೆತನ ಬೇರೆ. ಇಷ್ಟೆಲ್ಲ ಅನುಕೂಲವಿದ್ದೂ ಇವರು ಎಸಗಿದ ಶಿಸ್ತುಭಂಗ ಗಂಭೀರವಾದುದು. ತಮ್ಮ ಕವನ ಓದಿ ಹೇಳಲು ಜನರನ್ನು ಕೂಡಿಸುವ ಬದಲು, ಜನರು ಹಾಡಿದ್ದನ್ನು ತಾವು ಕುಳಿತು ಕೇಳಿದರು. ಅದೂ ಹೆಚ್ಚಾಗಿ ಯಾರದು? ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕೂತು ತ್ರಿಪದಿ ಹಾಡುವ ಹೆಣ್ಣುಮಕ್ಕಳದು. ಆ ಹೆಣ್ಣುಮಕ್ಕಳ ಬಳಿ ಪ್ರಮಾಣಪತ್ರವಿರಲಿಲ್ಲ, ಸ್ವವಿವರ ಇರಲಿಲ್ಲ, ಹಾಡಿಗೆ ಹೆಸರೂ ಹಚ್ಚಿರಲಿಲ್ಲ. ಅವರ ಮುಂದಿದ್ದ ಕೆಲಸ ಜೋಳ ಬೀಸುವುದು.

ಪರಿಣಾಮ: 1931ರಲ್ಲಿ 'ಗರತಿಯ ಹಾಡು', 1933ರಲ್ಲಿ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ'. ಅಮೆರಿಕದ ಅಯೋವಾ ವಿಶ್ವವಿದ್ಯಾಲಯ ತನ್ನ ಪ್ರಸಿದ್ಧ ಬರವಣಿಗೆ ಕಮ್ಮಟ ಆರಂಭಿಸಿದ್ದು 1936ರಲ್ಲಿ. ಅಷ್ಟರೊಳಗೆ ಹಲಸಂಗಿಯವರು ಮೂರು ಪುಸ್ತಕ ಮುಗಿಸಿ ಕೂತಿದ್ದರು. ಕನ್ನಡ ಜಾನಪದ ಸಂಗ್ರಹದ ಚರಿತ್ರೆ ಬರೆಯುವವರು ಇಂದಿಗೂ ಆ ಪುಸ್ತಕಗಳನ್ನು ಬಿಟ್ಟು ಮುಂದೆ ಹೋಗಲಾರರು.

ಹಾಗೆಂದು ಇವರಿಗೆ ಸ್ವಂತ ಬರೆಯಲು ಬಾರದೆಂದೂ ಅನ್ನುವಂತಿಲ್ಲ. ಮಧುರಚೆನ್ನರು 'ನನ್ನ ನಲ್ಲ' ಬರೆದರು. ಮಾಸ್ತರಿಕೆ ಮಾಡುತ್ತಲೇ ಸಿಂಪಿ ಲಿಂಗಣ್ಣನವರು ಪುಸ್ತಕದ ಮೇಲೆ ಪುಸ್ತಕ ತಂದರು. ಮೊದಲು ಕೇಳಿ ಆಮೇಲೆ ಬರೆದದ್ದರಿಂದಲೇ ಬರವಣಿಗೆ ಗಟ್ಟಿಯಾಯಿತೆಂದು ಕೆಲವರು ವಾದಿಸುತ್ತಾರೆ. ಪ್ರಸ್ತುತ ಸಂಶೋಧಕ ಈ ವಾದವನ್ನು ಬಲವಾಗಿ ಖಂಡಿಸುತ್ತಾನೆ. ಇದು ನಿಜವೆಂದಾದರೆ ಬಳಗದ ಮುಂದಿನ ಸಭೆಗೆ ಯಾರೂ ಹಾಳೆ ತರುವಂತಿಲ್ಲ.

7. ಶಿಫಾರಸು

ಆದರೂ ವಿದ್ವತ್ತಿನ ಪ್ರಾಮಾಣಿಕತೆಗಾಗಿ ಒಂದು ಪ್ರಯೋಗವನ್ನು ಸೂಚಿಸಲಾಯಿತು. ಪ್ರತಿಯೊಬ್ಬ ಸದಸ್ಯನೂ ತನ್ನ ಕವನ ಓದುವ ಮೊದಲು ಬೇರೊಬ್ಬರ ಬಾಯಿಂದ ಕೇಳಿದ ಒಂದು ಹಾಡನ್ನೋ, ಒಡಪನ್ನೋ, ಲಿಂಬೆ ತೋಟದಲ್ಲಿ ಕೆಲಸ ಮಾಡುವವರು ಆಡಿದ ಒಂದು ಮಾತನ್ನೋ ಸಭೆಗೆ ತಂದು ಒಪ್ಪಿಸಬೇಕು. ಹಿಂದೆ ಕೂತವನು ಅದನ್ನು ಕೇಳಿಸಿಕೊಂಡು ತಿರುಗಿ ಹೇಳಬೇಕು.

ಸೂಚನೆ ಚಪ್ಪಾಳೆಯೊಂದಿಗೆ ಸರ್ವಾನುಮತದಿಂದ ಅಂಗೀಕಾರವಾಯಿತು. ಕೇಳುವಿಕೆಯ ಮಹತ್ವದ ಮೇಲೆ ಸದಸ್ಯರೆಲ್ಲರೂ ಒಂದೊಂದು ಕವನ ಬರೆದಿದ್ದು, ಮುಂದಿನ ಸಭೆಯನ್ನು ಅವುಗಳ ವಾಚನಕ್ಕಾಗಿಯೇ ಮೀಸಲಿಡಲಾಗಿದೆ. ಅಧ್ಯಕ್ಷತೆಗೆ ಚಹಾದ ಹುಡುಗನನ್ನು ಕೇಳಲಾಗಿತ್ತು. ಅವನು, "ನನ್ನ ಬಸ್ ಹೋಗ್ತದರಿ" ಅಂದಿದ್ದಾನೆ.