ಐದು ನೂಲಿನ ಮೇಷ್ಟ್ರು

ನಮ್ಮೂರು ಮೊಸಳೆಗೆ ಗುಡಿ ನೋಡಲು ಬಂದವರು ತಪ್ಪದೆ ಒಂದು ತಪ್ಪು ಮಾಡುತ್ತಾರೆ. ಯಾವುದು ನಾಗೇಶ್ವರ, ಯಾವುದು ಚೆನ್ನಕೇಶವ ಅಂತ ಅದಲುಬದಲು ಮಾಡಿಕೊಳ್ಳುತ್ತಾರೆ. ಪಾಪ, ಅವರದೇನು ತಪ್ಪು? 1200ರ ಸುಮಾರಿಗೆ ಹೊಯ್ಸಳರ ಶಿಲ್ಪಿಗಳು, ಅವಳಿ ಮಕ್ಕಳಿಗೆ ಒಂದೇ ತಾನಿನಲ್ಲಿ ಅಂಗಿ ಹೊಲಿಸಿದ ಹಾಗೆ, ಎರಡು ಗುಡಿಗಳನ್ನು ಅಕ್ಕಪಕ್ಕ ಕಟ್ಟಿಬಿಟ್ಟಿದ್ದಾರೆ. ಆದರೆ ಹೀಗೆ ಎಡವಿದ್ದು ನಮ್ಮ ಮೇಷ್ಟ್ರ ಕಿವಿಗೆ ಬಿದ್ದರೆ ಮುಗಿಯಿತು. "ದಕ್ಷಿಣಕ್ಕಿರೋದು ನಾಗೇಶ್ವರ, ಉತ್ತರಕ್ಕಿರೋದು ಕೇಶವ. ಎರಡೂ ಒಂದೇ ಥರ ಕಂಡ್ರೆ ಅದು ನೋಡೋನ ಕಣ್ಣಿನ ದೋಷ ಕಣಯ್ಯಾ."

ಈ ಮಾತು ಹೇಳುವಾಗ ಮೇಷ್ಟ್ರ ಗಲ್ಲದ ಮೇಲೆ ಪೇಪರಿನ ಚೂರೊಂದು ಅಂಟಿಕೊಂಡಿರುತ್ತದೆ. ಬೆಳಗಿನ ಕ್ಷೌರದಲ್ಲಿ ಕೊಯ್ದ ಜಾಗಕ್ಕೆ ಹಾಕಿದ ತೇಪೆ ಅದು. ಒಮ್ಮೆ ಅಂಥ ಚೂರಿನ ಮೇಲೆ "ಆಲೂಗಡ್ಡೆ ಧಾರಣೆ" ಅಂತ ಕಂಡಿತು. ಹಾಸನ ಜಿಲ್ಲೆಯವನಲ್ಲವೇ ನಾನು, ಎಷ್ಟಕ್ಕೆ ನಿಂತಿದೆ ಅಂತ ಹತ್ತಿರ ಬಗ್ಗಿ ನೋಡಿದೆ. ಅಂಕಿ ರಕ್ತದಲ್ಲಿ ಮುಳುಗಿಹೋಗಿತ್ತು.

ಮೇಷ್ಟ್ರು ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಹೇಳಿಕೊಟ್ಟವರು. ನಿವೃತ್ತಿಯಾದ ಮಾರನೆಯ ದಿನವೇ, ಇನ್ನು ಮುಂದೆ ದಿನಾ ಮಡಿಸುವ ಕತ್ತಿಯಲ್ಲೇ ಗಡ್ಡ ಹೆರೆದುಕೊಳ್ಳುವುದು ಅಂತ ತೀರ್ಮಾನಿಸಿದರು. ಪ್ರತಿ ಊರಲ್ಲೂ ಇಂಥವರು ಒಬ್ಬರಿರುತ್ತಾರೆ. ಒಬ್ಬರಿಗೆ ಡಿಕಾಕ್ಷನ್ನಿನ ಹುಚ್ಚು, ಇನ್ನೊಬ್ಬರಿಗೆ ರೇಡಿಯೋ ರಿಪೇರಿಯ ಹುಚ್ಚು. ಲೋಕವೆಲ್ಲ ಒಂದು ನಿಮಿಷದಲ್ಲಿ ಮಾಡಿ ಮರೆತುಬಿಡುವ ಕೆಲಸವನ್ನು ಇವರು ಶಾಸ್ತ್ರ ಮಾಡಿಕೊಂಡು ಕೂರುತ್ತಾರೆ. ಮೇಷ್ಟ್ರ ಪ್ರಕಾರ ಮನುಷ್ಯಕುಲದ ಅವನತಿ ಶುರುವಾದದ್ದು 1904ರಲ್ಲಿ. ಆ ವರ್ಷ ಅಮೆರಿಕದ ಕಿಂಗ್ ಜಿಲೆಟ್ ಎಂಬಾತನಿಗೆ ಬಿಸಾಡುವ ಬ್ಲೇಡಿನ ರೇಜರಿಗೆ ಪೇಟೆಂಟು ಸಿಕ್ಕಿತು. "ಹೆಸರು ಮಾತ್ರ ಕಿಂಗು. ಮಾಡಿದ್ದು ತಗಡಿನ ವ್ಯಾಪಾರ" ಅಂತ ಈಗಲೂ ಹಲ್ಲು ಕಡಿಯುತ್ತಾರೆ.

ಕತ್ತಿ ಆರಿಸುವುದನ್ನು ಮೇಷ್ಟ್ರು ಜಾತ್ರೆಯಲ್ಲಿ ಹೋರಿ ನೋಡುವ ಹಾಗೆ ಮಾಡುತ್ತಾರೆ. ಹಲ್ಲು ಎಣಿಸಲಾಗದು, ಸುಳಿ ಹುಡುಕಲಾಗದು, ಅಷ್ಟೇ ವ್ಯತ್ಯಾಸ. ಮೊದಲು ಅಗಲ. ಇಂಚಿಗೆ ಎಂಟು ನೂಲು ಅಂತ ಮರಗೆಲಸದವರು ಲೆಕ್ಕ ಹಾಕುತ್ತಾರಲ್ಲ, ಕತ್ತಿಗೂ ಹೊರದೇಶದಲ್ಲಿ ಎಂಟರಲ್ಲಿ ಇಷ್ಟು ಪಾಲು ಅನ್ನುವ ಅದೇ ಲೆಕ್ಕ. "ಹೊಸಬನಿಗೆ ಐದು ನೂಲು, ಹೆಚ್ಚಂದ್ರೆ ಆರು. ನಾಲ್ಕಾದ್ರೆ ನೊರೆ ಹಿಡಿಯಲ್ಲ, ಏಳಾದ್ರೆ ಮೂಗಿನ ಕೆಳಗೆ ತಿರುಗಲ್ಲ." ಆಮೇಲೆ ಹೊಟ್ಟೆ. ಅಲಗಿನ ಎರಡೂ ಪಕ್ಕ ಒಳಕ್ಕೆ ಬಾಗಿರಬೇಕು, ಹಸಿದ ಹೋರಿಯ ಪಕ್ಕೆಯ ಹಾಗೆ. ಉಗುರಿನಿಂದ ಮೀಟಿ ಕಿವಿಯ ಹತ್ತಿರ ಹಿಡಿಯುತ್ತಾರೆ. ಹೊಟ್ಟೆ ಚೆನ್ನಾಗಿ ಒಳಸರಿದ ಕತ್ತಿ ಸಣ್ಣಗೆ ಹಾಡುತ್ತದೆ. ಹಳೆಯ ಷೆಫೀಲ್ಡ್ ಕತ್ತಿಗಳಲ್ಲಿ ಬಹಳಷ್ಟು ದಪ್ಪ ಹೊಟ್ಟೆಯವು, ಹಾಡುವುದಿಲ್ಲ. ಅವನ್ನು ಮೇಷ್ಟ್ರು "ಮೂಗೆತ್ತು" ಅನ್ನುತ್ತಾರೆ. ಕೊನೆಗೆ ಮೂತಿ. ಅದು ದುಂಡಗಿರಬೇಕು. ಚೌಕ ಮೂತಿಯದು ಕಿವಿಯ ಬುಡದಲ್ಲಿ ಕಚ್ಚುತ್ತದೆ. ಈ ಕೊನೆಯ ಸಂಗತಿ ಮೇಷ್ಟ್ರಿಗೆ ಅನುಭವದಿಂದ ಬಂದದ್ದು, ಎಡಗಿವಿಯ ಹಾಲೆ ಸಾಕ್ಷಿ.

ಇನ್ನು ತಳಿ. ಅದು ಜರ್ಮನಿಯ ಸೋಲಿಂಗೆನ್‌ನದೇ ಆಗಬೇಕು. ಆ ಊರಿನ ಹೆಸರನ್ನು ಕಂಡಕಂಡವರು ಕತ್ತಿಯ ಮೇಲೆ ಕೆತ್ತಿಕೊಳ್ಳಬಾರದು ಅಂತ 1938ರಲ್ಲೇ ಅಲ್ಲಿ ಕಾನೂನಾಗಿದೆ. ಇದನ್ನು ಮೇಷ್ಟ್ರು ನೂರನೆಯ ಸಲ ಹೇಳಿದಾಗ ಒಳಗೆ ಅಕ್ಕಿ ಆರಿಸುತ್ತಿದ್ದ ಅಮ್ಮಾವ್ರು, "ಹೆಸರಲ್ಲೇ ಸೋಲು ಇದೆಯಲ್ರೀ" ಅಂದರು.

ಅಮ್ಮಾವ್ರ ಮಾತು ಯಾವಾಗಲೂ ಹೀಗೆ, ಮಸೆಯದೆಯೇ ಹರಿತ. ಒಂದು ಸಲ ಮೇಷ್ಟ್ರು ಹಳೆಯ ಕಾಲದ ಏಳು ಕತ್ತಿಯ ಪೆಟ್ಟಿಗೆಯ ವರ್ಣನೆಗೆ ಇಳಿದರು. ಸೋಮವಾರಕ್ಕೊಂದು, ಮಂಗಳವಾರಕ್ಕೊಂದು ಅಂತ ಬೆನ್ನಿನ ಮೇಲೆ ವಾರದ ಹೆಸರು ಕೆತ್ತಿ ಯುರೋಪಿನಲ್ಲಿ ಮಾರುತ್ತಿದ್ದರು. ಅಮ್ಮಾವ್ರು ಬೆರಳು ಮಡಿಸಿದರು. "ಸೋಮವಾರ ಈಶ್ವರಂದು. ಮಂಗಳವಾರ ಕ್ಷೌರ ಕೂಡದು. ಗುರುವಾರ ರಾಯರದು, ಶುಕ್ರವಾರ ಲಕ್ಷ್ಮಿ, ಶನಿವಾರ ಆಂಜನೇಯ. ಉಳಿದಿದ್ದು ಬುಧವಾರ, ಭಾನುವಾರ. ಅವತ್ತೇ ಅಮಾವಾಸ್ಯೆ ಬಿದ್ರೆ ಅದೂ ಇಲ್ಲ. ಎರಡು ಕತ್ತಿ ಸಾಕು ಬಿಡಿ." ಬೆಳಗೊಳದ ಮುನಿಗಳು ಕೇಶಲೋಚನ ಅಂತ ಕೂದಲನ್ನು ಕೈಯಲ್ಲೇ ಕಿತ್ತುಕೊಳ್ಳುತ್ತಾರೆ, ಅವರಿಗೆ ಕತ್ತಿಯೂ ಬೇಡ, ಕಲ್ಲೂ ಬೇಡ, ಎಷ್ಟು ಸುಖ ಅನ್ನುವುದನ್ನೂ ಸೇರಿಸಿದರು.

ಕಲ್ಲಿನ ವಿಷಯ ಬಂತು. ಕತ್ತಿಗಿಂತ ಕಲ್ಲಿಗೇ ಮೇಷ್ಟ್ರ ಪೆನ್ಷನ್ನು ಹೆಚ್ಚು ಕರಗಿದೆ. 1000, 4000, 8000, 12000 ಅಂತ ನಾಲ್ಕು ಕಲ್ಲು. ಸಂಖ್ಯೆ ಏರಿದಷ್ಟೂ ಕಲ್ಲು ನಯ. ಕತ್ತಿಯ ಬೆನ್ನು, ಬಾಯಿ ಎರಡನ್ನೂ ಒಟ್ಟಿಗೆ ಕಲ್ಲಿಗೆ ಒರಗಿಸಿ ಎಳೆಯಬೇಕು. ಬೆನ್ನು ಎತ್ತಿದರೆ ಕತ್ತಿ ಕೆಟ್ಟಿತು. ಗುಡಿಯ ಗೋಡೆಯ ನುಣುಪು ನೋಡಿ, "ಇದರಲ್ಲೇ ಒಂದು ಚೂರು ಸಿಕ್ಕಿದ್ರೆ ಸಾಕಲ್ವಾ ಮೇಷ್ಟ್ರೇ?" ಅಂತ ನಾನು ತಮಾಷೆಗೆ ಅಂದೆ. ಪುರಾತತ್ವ ಇಲಾಖೆಯ ಕಾವಲುಗಾರ ಕತ್ತು ತಿರುಗಿಸಿ ನೋಡಿದ. ಮೇಷ್ಟ್ರಿಗೆ ಬೇರೆಯದೇ ಕೋಪ: "ಬಳಪದ ಕಲ್ಲು ಕಣೋ ಇದು! ಮೆತ್ತಗಿದೆ ಅಂತಲೇ ಹೊಯ್ಸಳರು ಇಷ್ಟು ಕೆತ್ತಿದ್ದು. ಉಕ್ಕು ಹರಿತ ಆಗೋ ಮುಂಚೆ ಕಲ್ಲೇ ಸವೆದುಹೋಗುತ್ತೆ. ಒಂಬತ್ತನೇ ಕ್ಲಾಸಲ್ಲಿ ಹೇಳಿಕೊಟ್ಟಿರಲಿಲ್ವಾ?" ಹೇಳಿಕೊಟ್ಟಿದ್ದರು.

ಮಸೆದಾದ ಮೇಲೆ ಕಂಬಕ್ಕೆ ಮೊಳೆ ಹೊಡೆದು ನೇತುಹಾಕಿದ ತೊಗಲಿನ ಪಟ್ಟೆಯ ಮೇಲೆ ಐವತ್ತು ಸಲ ಉಜ್ಜಬೇಕು. ಬೆನ್ನು ಮುಂದೆ, ಬಾಯಿ ಹಿಂದೆ. ಮೇಷ್ಟ್ರ ಸ್ವಭಾವಕ್ಕೆ ನೇರ ವಿರುದ್ಧ. ಹರಿತ ಬಂತೋ ಇಲ್ಲವೋ ಅಂತ ಮುಂಗೈ ಕೂದಲಿನ ಮೇಲೆ ಪರೀಕ್ಷೆ. ಅವರ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಮಗುವಿನ ಕೈಯಂತೆ ಬೋಳಾಗಿದೆ. ಬಲಗೈ ಮಾತ್ರ ಕರಡಿಯದು.

ನಮ್ಮ ಕಡೆಯ ಹಳೆಯ ಕಟಿಂಗ್ ಶಾಪಿನ ಅಜ್ಜನ ಹಡಪದಲ್ಲೂ ಒಂದು ಕತ್ತಿ ಇತ್ತು. ಅಂಗೈಯ ಮೇಲೆ ನಾಲ್ಕು ಸಲ ಎಳೆದು, ಮಾತಾಡುತ್ತಲೇ ಊರಿಡೀ ಬೋಳಿಸುತ್ತಿದ್ದರು. ತೊಂಬತ್ತರ ದಶಕದಲ್ಲಿ ಏಡ್ಸ್ ಭಯ ಬಂದ ಮೇಲೆ ಅಂಗಡಿಗಳಿಗೆ ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿ ಬಂತು, ಅಜ್ಜನದು ಪೆಟ್ಟಿಗೆ ಸೇರಿತು. ಮೇಷ್ಟ್ರು ಹೋಗಿ, ಯಾವ ಕಂಪನಿಯದು, ಎಷ್ಟು ನೂಲು, ಎಂಥ ಉಕ್ಕು ಅಂತ ವಿಚಾರಿಸಿದರು. "ನಮ್ಮಪ್ಪಂದು ಸ್ವಾಮಿ" ಅಂದರಂತೆ ಅಜ್ಜ. ಉತ್ತರ ಮೇಷ್ಟ್ರಿಗೆ ಸಮಾಧಾನ ತರಲಿಲ್ಲ.

ಇಷ್ಟೆಲ್ಲ ದೂರದಿಂದ ಕಂಡದ್ದು. ಹತ್ತಿರದಿಂದ ಕಂಡದ್ದು ಕಳೆದ ವರ್ಷ. ಬುಧವಾರ ಬೆಳಗ್ಗೆ ಹೊಳೆನರಸೀಪುರದಲ್ಲಿ ನೆಂಟರ ಮದುವೆ. ಮಂಗಳವಾರ ಶಾಪಿಗೆ ಹೋದರೆ ಬಾಗಿಲು. ಮಂಗಳವಾರ ರಜೆ ಅನ್ನುವುದೇ ಮರೆತಿತ್ತು. ವಾಪಸು ಬರುವಾಗ ಮೇಷ್ಟ್ರು ಹಿಡಿದರು. ಜಗಲಿಯ ಮೇಲೆ ಕೂರಿಸಿದರು. ಮಂಗಳವಾರ ಅಂತ ಅಮ್ಮಾವ್ರು ಒಳಗಿನಿಂದ ಗೊಣಗಿದ್ದು ಲೆಕ್ಕಕ್ಕೆ ಬರಲಿಲ್ಲ. ಬಿಸಿನೀರಿನ ಟವೆಲ್ಲು, ಸೋಪು, ಗಿರಿಗಿರಿ ಬ್ರಷ್ಷು. ಆಮೇಲೆ ಜಾಮಿಟ್ರಿ ಬಾಕ್ಸಿನಿಂದ ಕೋನಮಾಪಕ ತೆಗೆದು ನನ್ನ ಬಲಗೆನ್ನೆಗೆ ಆನಿಸಿದರು. "ಮೂವತ್ತು ಡಿಗ್ರಿ. ಅಲುಗಾಡಬೇಡ." ಕತ್ತಿ ಇಳಿಯಿತು. ಸತ್ಯ ಹೇಳಬೇಕು, ಕೂದಲು ಕತ್ತರಿಸುವ ಸದ್ದು, ಹುಣಸೆ ಎಲೆಯ ಮೇಲೆ ತುಂತುರು ಬಿದ್ದ ಹಾಗೆ, ಕೇಳಲು ಹಿತವಾಗಿತ್ತು. ಬಲಗೆನ್ನೆ ಮುಗಿಯಿತು. ಗಾಯವಿಲ್ಲ. ಮೇಷ್ಟ್ರು ಕತ್ತಿ ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಮಡಿಸಿ ಇಟ್ಟರು.

"ಮೇಷ್ಟ್ರೇ, ಎಡಗಡೆ?"

"ನಿನ್ನ ಗಡ್ಡ ಮುಳ್ಳು ಕಣಯ್ಯಾ. ಬಾಯಿ ದಣಿದಿದೆ. ಉಕ್ಕಿಗೆ ಇಪ್ಪತ್ನಾಲ್ಕು ಗಂಟೆ ವಿಶ್ರಾಂತಿ ಬೇಕು. ನಾಳೆ ಇದೇ ಹೊತ್ತಿಗೆ ಬಾ."

"ನಾಳೆ ಬೆಳಗ್ಗೆ ಒಂಬತ್ತಕ್ಕೆ ಮುಹೂರ್ತ."

"ಮುಹೂರ್ತಕ್ಕೆ ಉಕ್ಕು ಕಾಯಲ್ಲ."

ಇನ್ನೊಂದು ಕತ್ತಿ ಇತ್ತು, ಆದರೆ ಅದು ಇನ್ನೂ ನಾಲ್ಕು ಸಾವಿರದ ಕಲ್ಲು ದಾಟಿರಲಿಲ್ಲ. ಅಮ್ಮಾವ್ರು ಕಾಫಿ ತಂದವರು ನನ್ನ ಮುಖ ನೋಡಿ, "ಬಂಗಾರದ ಕತ್ತಿ ಅಂತ ಕತ್ತು ಕೊಯ್ಕೊಳ್ಳೋಕಾಗುತ್ತೇನಪ್ಪಾ? ಮನೆಗೆ ಹೋಗು" ಅಂದರು. ಹೋದೆ. ರಾತ್ರಿ ಬಚ್ಚಲುಮನೆಯಲ್ಲಿ, ಕಿಟಕಿ ಮುಚ್ಚಿ, ಮಗನ ಹಳೇ ಪ್ಲಾಸ್ಟಿಕ್ ರೇಜರಿನಲ್ಲಿ ಎಡಗೆನ್ನೆ ಮುಗಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಮದುವೆಮನೆಗೆ ಮೇಷ್ಟ್ರೂ ಬಂದಿದ್ದರು. ನನ್ನ ಮುಖ ಕಂಡದ್ದೇ ಅರ್ಥವಾಗಿಬಿಟ್ಟಿತು. "ಬ್ಲೇಡು ಹಾಕ್ದೆ ಅಲ್ವಾ? ಹಾಳಾಗಿ ಹೋಗು. ಆದರೆ ವ್ಯತ್ಯಾಸ ಹತ್ತು ಜನಕ್ಕೆ ಗೊತ್ತಾಗಲಿ" ಅಂತ ಪಕ್ಕದ ಪಂಕ್ತಿಯವರನ್ನೂ ಕರೆದರು. ಕಣ್ಣು ಮುಚ್ಚಿಕೊಂಡು ಎರಡೂ ಕೈಯಿಂದ ನನ್ನ ಎರಡೂ ಕೆನ್ನೆ ಸವರಿದರು.

"ನೋಡ್ರಪ್ಪಾ, ಈ ಕಡೆ ಒರಟು. ತಗಡಿನ ಕೆಲಸ." ಬಲಗೆನ್ನೆಗೆ ಒಂದು ಸಣ್ಣ ಏಟು ಬಿತ್ತು. ಎಡಗೆನ್ನೆಯ ಮೇಲೆ ಬೆರಳು ನಿಂತಿತು, ಮುಖ ಅರಳಿತು. "ಇದು, ಇದು ನೋಡಿ! ರೇಷ್ಮೆ. ಸೋಲಿಂಗೆನ್ ಅಂದ್ರೆ ಇದು."

ಹತ್ತಾರು ಜನ ಸಾಲಾಗಿ ಬಂದು ನನ್ನ ಎಡಗೆನ್ನೆ ಮುಟ್ಟಿ ನೋಡಿದರು. ಎದುರು ಸಾಲಿನಲ್ಲಿ ಕೂತಿದ್ದ ಅಮ್ಮಾವ್ರಿಗೆ ಯಾವ ಕೆನ್ನೆ ಅನ್ನುವುದು ನೆನಪಿತ್ತು. ಅವರು ನನ್ನ ಕಡೆ ನೋಡಲಿಲ್ಲ. ತಲೆ ತಗ್ಗಿಸಿ, ಸೆರಗು ಬಾಯಿಗೆ ಒತ್ತಿಕೊಂಡು, ಬಹಳ ಹೊತ್ತು ಕೋಸಂಬರಿ ಕಲಸುತ್ತಿದ್ದರು.