ತಲೆಗೂ ಬಾಯಿಗೂ ನಂಟು ಸಡಿಲ

(ಲಂಡನ್ನಿನ ರಿಪೇರಿಗಾರರೊಬ್ಬರ ಮೇಜಿನ ಮೇಲೆ ಎರಡು ತುಂಡಾಗಿ ಮಲಗಿರುವ ಹಳೆಯ ಬ್ರಯರ್ ಪೈಪಿನೊಂದಿಗೆ ಮಾತುಕತೆ. ತಂಬಾಕು ತುಂಬುವ ಬಟ್ಟಲು ಒಂದು ಕಡೆ, ಬಾಯಿಗಿಡುವ ಕರಿಯ ಸ್ಟೆಮ್ ಇನ್ನೊಂದು ಕಡೆ. ಯಾವ ಉತ್ತರ ಯಾವ ತುಂಡಿನಿಂದ ಬಂತೆಂದು ಗುರುತಿಸುವುದು ಕೆಲವೊಮ್ಮೆ ಕಷ್ಟವಾಯಿತು. ಗಣ್ಯರ ಸಂದರ್ಶನದಲ್ಲಿ ಇದೇನೂ ಹೊಸದಲ್ಲ.)

ಪ್ರಶ್ನೆ: ನಮಸ್ಕಾರ. ಏನಾಗಿದೆ ತಮಗೆ?

ಪೈಪು: ಏನೂ ಆಗಿಲ್ಲ. ನಮ್ಮಲ್ಲಿ ಯಾವ ಬಿರುಕೂ ಇಲ್ಲ, ನಾವೆಲ್ಲ ಒಗ್ಗಟ್ಟಾಗಿದ್ದೇವೆ.

ಪ್ರಶ್ನೆ: ನಿಮ್ಮನ್ನು ಎತ್ತಲು ಹೋದರೆ ಸ್ಟೆಮ್ ಮಾತ್ರ ಕೈಗೆ ಬಂತು. ಬಟ್ಟಲು ಮೇಜಿನ ಮೇಲೇ ಉಳಿಯಿತು.

ಪೈಪು: ಬಾಯಿ ಮುಂದೆ ಹೋಯಿತು, ತಲೆ ಹಿಂದೆ ಉಳಿಯಿತು. ನೀವು ಕರ್ನಾಟಕದವರಂತೆ. ವಿಧಾನಸಭೆಯ ಕಲಾಪ ನೋಡಿಲ್ಲವೇ?

ಪ್ರಶ್ನೆ: ಮನೆತನದ ಬಗ್ಗೆ ಹೇಳಿ.

ಪೈಪು: ತಲೆಯ ಕಡೆಯವರು ಮೆಡಿಟರೇನಿಯನ್ ಸಮುದ್ರದ ಸುತ್ತಿನವರು. ಎರಿಕಾ ಆರ್ಬೋರಿಯ ಎಂಬ ಪೊದೆಯ ಬೇರಿನ ಗಂಟು ನಾವು. ಅಗೆದು, ಕೊಯ್ದು, ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿದ ಮೇಲೇ ಮರ್ಯಾದೆ. 19ನೇ ಶತಮಾನದ ನಡುಭಾಗದಿಂದ ಫ್ರಾನ್ಸಿನ ಸೇಂಟ್ ಕ್ಲೋಡ್ ಊರಿನವರು ಇದರಿಂದ ಪೈಪು ಮಾಡುವುದನ್ನೇ ಕುಲಕಸುಬು ಮಾಡಿಕೊಂಡರು. ಬಾಯಿಯ ಕಡೆಯವರು ಮಾತ್ರ ಸ್ವಲ್ಪ ಹೊಸ ಶ್ರೀಮಂತರು. 1844ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸುವ ವಿದ್ಯೆಗೆ ಪೇಟೆಂಟ್ ಪಡೆದನಲ್ಲ, ಆ ವಂಶ. ಎಬೊನೈಟ್ ಅನ್ನುತ್ತಾರೆ. ಬಿಸಿಲಿಗಿಟ್ಟರೆ ಹಸಿರುಹಳದಿಗೆ ತಿರುಗಿ ಮೂಲದ ವಾಸನೆ ತೋರಿಸುತ್ತದೆ.

ಪ್ರಶ್ನೆ: ಪೈಪ್ ಹಿಡಿದವರೆಲ್ಲ ದೊಡ್ಡ ಚಿಂತಕರಂತೆ ಕಾಣುತ್ತಾರೆ. ಚಿಂತನೆಯಲ್ಲಿ ನಿಮ್ಮ ಪಾಲೆಷ್ಟು?

ಪೈಪು: ಪ್ರಶ್ನೆಗೂ ಉತ್ತರಕ್ಕೂ ನಡುವೆ ಬಿಡುವು ಕೊಡುತ್ತೇನೆ. ಕಡ್ಡಿ ಗೀರು, ತಂಬಾಕು ಒತ್ತು, ಆರಿಹೋಯಿತೆಂದು ಮತ್ತೆ ಗೀರು. ಅಷ್ಟರಲ್ಲಿ ಕೇಳಿದವನಿಗೇ ಪ್ರಶ್ನೆ ಮರೆತಿರುತ್ತದೆ. ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ವಿಲ್ಸನ್ ಜನರೆದುರು ನಮ್ಮನ್ನು ಕಚ್ಚಿಕೊಂಡೇ ಇರುತ್ತಿದ್ದರು. ಒಳಗೆ ಹೋದರೆ ಸಿಗಾರ್. ಸಾಮಾನ್ಯ ಜನರ ನಾಯಕನ ಬಾಯಲ್ಲಿ ಸಿಗಾರ್ ಚೆನ್ನಾಗಿರುತ್ತದೆಯೇ, ಹೇಳಿ. ನಿಮ್ಮಲ್ಲಿ ಇಂಥದಕ್ಕೆ ಹೆಗಲ ಮೇಲೊಂದು ಹಸಿರು ಶಾಲು ಸಾಕು.

ಪ್ರಶ್ನೆ: ಜೀವ ಉಳಿಸಿದ ಕೀರ್ತಿಯೂ ನಿಮಗಿದೆಯಂತೆ?

ಪೈಪು: (ಎರಡೂ ತುಂಡುಗಳು ಒಟ್ಟಿಗೆ) ಬರೆದುಕೊಳ್ಳಿ! 1948ರ ಅಕ್ಟೋಬರ್ 2. ನಾರ್ವೆಯಲ್ಲಿ ನೀರಿಗಿಳಿಯುತ್ತಿದ್ದ ವಿಮಾನ ಅಪಘಾತಕ್ಕೀಡಾಯಿತು. 19 ಜನ ಸತ್ತರು. ಪೈಪ್ ಸೇದುತ್ತಿದ್ದ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ಲರಿಗೆ ಆಗ 76 ವರ್ಷ. ಹೊಗೆ ಸೇದುವವರ ಭಾಗದಲ್ಲಿ ಕುಳಿತಿದ್ದರು. ಆ ಭಾಗದವರು ಬದುಕಿದರು, ಇವರೂ ಈಜಿ ಹೊರಬಂದರು.

ಪ್ರಶ್ನೆ: ಅದೇ ಅಕ್ಟೋಬರ್ 2ರಂದು, 2008ರಲ್ಲಿ, ಭಾರತ ಸರ್ಕಾರ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧಿಸಿತು. ತುಟಿ, ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರಿನಿಂದ ಹೋದವರು ಯಾವ ವಿಮಾನ ಹತ್ತಿದ್ದರು?

ಪೈಪು: (ಕೆಮ್ಮಿ) ನಾವು ಜಂಟಿಯ ವಿಷಯಕ್ಕೆ ಬರೋಣವೇ?

ಪ್ರಶ್ನೆ: ಬರೋಣ. ಸ್ಟೆಮ್ ಸಡಿಲವಾದದ್ದು ಹೇಗೆ?

ಪೈಪು: ಯಜಮಾನರ ಅವಸರದಿಂದ. ಸ್ಟೆಮ್ಮಿನ ತುದಿಯಲ್ಲೊಂದು ಸಣ್ಣ ಗೂಟವಿದೆ, ನನ್ನ ಕೊರಳಿನಲ್ಲಿ ಅದಕ್ಕೆ ಸರಿಯಾದ ತೂತಿದೆ. ಸಂಸಾರವೆಲ್ಲ ಇವೆರಡರ ನಡುವಿನ ಬಿಗಿಯ ಮೇಲೆ ನಿಂತಿದೆ. ಸೇದಿದಾಗ ಮರ ಬಿಸಿಯಾಗಿ, ತೇವ ಕುಡಿದು ಉಬ್ಬಿರುತ್ತದೆ. ಆರುವ ತನಕ ಮುಟ್ಟಬಾರದು. ಇವರು ಸೇದಿ ಮುಗಿಸಿದ ಮರುಕ್ಷಣವೇ ಹಿಡಿದು ಎಳೆಯುತ್ತಿದ್ದರು. ಆಮೇಲೆ ವೈದ್ಯರು ಗದರಿದರು, ನನ್ನನ್ನು ಡ್ರಾಯರಿಗೆ ಹಾಕಿದರು. ಅಲ್ಲಿ ಮರ ಒಣಗಿ ಇನ್ನಷ್ಟು ಸಡಿಲವಾಯಿತು. ಇದಕ್ಕೆ ನನ್ನ ಹತ್ತಿರವೇ ಮದ್ದಿದೆ: ನಾಲ್ಕು ಸಲ ಸೇದಿದರೆ ಮರ ಉಬ್ಬಿ ತಾನೇ ಬಿಗಿಯಾಗುತ್ತದೆ!

ಪ್ರಶ್ನೆ: ಎಲ್ಲ ರೋಗಕ್ಕೂ ನಿಮ್ಮ ಮದ್ದು ಇದೊಂದೇ ಇರಬೇಕು. ರಿಪೇರಿಗಾರರು ಏನಂದರು?

ಪೈಪು: ಆ ಮನುಷ್ಯ ಮಾತು ಕಡಿಮೆ. ಮೊದಲು ಭೂತಗನ್ನಡಿ ಹಿಡಿದು ಕೊರಳಲ್ಲಿ ಕೂದಲೆಳೆಯ ಸೀಳು ಇದೆಯೇ ನೋಡಿದ. ಸೀಳಿದ್ದರೆ ಗೂಟ ದಪ್ಪ ಮಾಡಿ ಪ್ರಯೋಜನವಿಲ್ಲ, ಕೊರಳು ಪೂರ್ತಿ ಬಿರಿಯುತ್ತದೆ. ಆಗ ಬೆಳ್ಳಿಯ ಬಳೆ ತೊಡಿಸಬೇಕು. ಒಡೆದ ಮನೆತನಕ್ಕೆ ಬೆಳ್ಳಿ ತೊಡಿಸಿದರೆ ಬೆಲೆಯೂ ಏರುತ್ತದೆ, ಗೊತ್ತಲ್ಲ. ನನಗೆ ಸೀಳಿರಲಿಲ್ಲ. ಮೇಣದಬತ್ತಿ ಹಚ್ಚಿದ. ಗೂಟವನ್ನು ಜ್ವಾಲೆಯ ಒಳಗಲ್ಲ, ಮೇಲೆ ಹಿಡಿದು ತಿರುಗಿಸುತ್ತಾ ಕಾಯಿಸಿದ. ಎಬೊನೈಟ್ ಮೆದುವಾದಾಗ ಹೊಗೆ ಹೋಗುವ ತೂತಿಗೆ ಡ್ರಿಲ್ ಬಿಟ್ಟಿನ ನುಣುಪು ಹಿಡಿಯನ್ನು ತುಸುವೇ ಒತ್ತಿದ. ಗೂಟ ಎಳ್ಳಷ್ಟು ಹಿಗ್ಗಿತು. ತಣ್ಣೀರಿಗೆ ಅದ್ದಿ, ಹಾಕಿ ನೋಡಿದ, ಇನ್ನೂ ಸಡಿಲ. ಮತ್ತೆ ಬತ್ತಿ. ಒಂದೇ ಏಟಿಗೆ ಬಿಗಿ ಮಾಡಲು ಹೊರಟವರ ಪೈಪುಗಳು ಅಲ್ಲೇ ಪಕ್ಕದ ಡಬ್ಬಿಯಲ್ಲಿ ಸೀಳಿದ ಕೊರಳಿನೊಂದಿಗೆ ಬಿದ್ದಿವೆ.

ಪ್ರಶ್ನೆ: ಅಕ್ರಿಲಿಕ್ ಸ್ಟೆಮ್ಮಿಗೂ ಇದೇ ಚಿಕಿತ್ಸೆಯೇ?

ಪೈಪು: ಅವರು ಪೆಡಸು ಜನ, ಹಿಗ್ಗಿಸಲು ಹೋದರೆ ಸೀಳುವ ಭಯ ಹೆಚ್ಚು. ಗೂಟಕ್ಕೆ ಬಣ್ಣವಿಲ್ಲದ ಉಗುರುಬಣ್ಣದ ತೆಳು ಲೇಪ ಕೊಟ್ಟು ಪೂರ್ತಿ ಒಣಗಿಸಿ ಹಾಕುತ್ತಾರೆ. ಜೇನುಮೇಣ ಸವರುವವರೂ ಇದ್ದಾರೆ, ಅದು ನಾಲ್ಕು ದಿನದ ಮಾತು.

ಪ್ರಶ್ನೆ: ಮೂಲತಃ ನೀವು ಬಾಗಿದ ಪೈಪು. ಈಗ ಸ್ಟೆಮ್ ಯಾಕೋ ನೆಟ್ಟಗಾದಂತಿದೆ?

ಪೈಪು: ಅದೇ ನಮ್ಮ ಮನೆಯ ಗುಟ್ಟು. ನಾಯಿಬಾಲಕ್ಕೆ ನಳಿಗೆ ಕಟ್ಟಿದರೂ ಡೊಂಕೇ ಅನ್ನುತ್ತೀರಲ್ಲ, ನಮ್ಮದು ಅದರ ತಿರುವುಮುರುವು. ಎಬೊನೈಟ್ ಹುಟ್ಟುವುದು ನೆಟ್ಟಗೆ, ಕಾರ್ಖಾನೆಯವರು ಕಾಯಿಸಿ ಬಗ್ಗಿಸುತ್ತಾರೆ. ಮತ್ತೆ ಬಿಸಿ ತಾಗಿದರೆ ಹಳೆಯ ನೆನಪು ಬಂದು ನೆಟ್ಟಗಾಗುತ್ತದೆ. ನಿಮ್ಮ ಶಾಸಕರಿಗೂ ಚುನಾವಣೆಯ ಬಿಸಿಯಲ್ಲೇ ಅಲ್ಲವೇ ಮಾತೃಪಕ್ಷದ ನೆನಪಾಗುವುದು? ರಿಪೇರಿಗಾರ ಗೂಟವೊಂದನ್ನೇ ಕಾಯಿಸಬೇಕಿತ್ತು, ಬಿಸಿ ಹಿಂದಕ್ಕೂ ಹರಿಯಿತು. ಇನ್ನೊಮ್ಮೆ ಬಗ್ಗಿಸುತ್ತಾನೆ.

ಪ್ರಶ್ನೆ: ಪಕ್ಕದಲ್ಲಿರುವ ಆ ಸೊಟ್ಟಬಾಯಿಯವರು ಯಾರು?

ಪೈಪು: ಅಮೆರಿಕದ ಕೇವುಡಿ ಕಂಪನಿಯ ಪೈಪು. ಲೋಹದ ತಿರುಪಿನ ಜಾತಿ. ವರ್ಷಗಟ್ಟಲೆ ಬಿಚ್ಚಿ ಹಾಕಿ ತಿರುಪು ಸವೆದು, ಸ್ಟೆಮ್ ನಿಲ್ಲಬೇಕಾದ ಜಾಗ ದಾಟಿ ವಾಲಿದೆ. ಎಡಕ್ಕೆ ವಾಲಿದೆಯೋ ಬಲಕ್ಕೋ ಎಂದು ಟೀವಿಯವರಂತೆ ಚರ್ಚೆಗಿಳಿಯಬೇಡಿ. ಯಾವ ಕಡೆಯಿಂದ ನೋಡುತ್ತೀರಿ ಎಂಬುದರ ಮೇಲಿದೆ. ಅದಕ್ಕೂ ಬಿಸಿಯೇ ಬೇಕು. ಸ್ಟೆಮ್ಮಿನಲ್ಲಿ ಕೂತ ಲೋಹದ ತುಂಡನ್ನು ಕಾಯಿಸಿ, ಹಿಡಿತ ಸಡಿಲವಾದಾಗ ಸ್ಟೆಮ್ಮನ್ನು ನೇರಕ್ಕೆ ತಿರುಗಿಸಿ, ಆರಲು ಬಿಡಬೇಕು.

ಪ್ರಶ್ನೆ: ಇಷ್ಟೆಲ್ಲ ಯಾಕೆ? ಬೇರೆ ಸ್ಟೆಮ್ ತಂದು ಹಾಕಿದರಾಯಿತು.

ಪೈಪು: ಆಗುವುದಿಲ್ಲ. ಕೊರಳನ್ನೂ ಸ್ಟೆಮ್ಮನ್ನೂ ಜೋಡಿಸಿಟ್ಟು ಒಟ್ಟಿಗೆ ಉಜ್ಜಿ ನುಣುಪು ಮಾಡಿರುತ್ತಾರೆ. ಬೇರೆಯವರದು ತಂದರೆ ಜಂಟಿಯಲ್ಲಿ ಮೆಟ್ಟಿಲು ಬೆರಳಿಗೆ ಸಿಕ್ಕೇ ಸಿಗುತ್ತದೆ. ಹೊರಗೆ ಸರಿ ಕಂಡರೂ ಒಳಗಿನ ದಾರಿ ಸೇರಬೇಕು. ರಿಪೇರಿಗಾರನ ಕೊನೆಯ ಪರೀಕ್ಷೆ ಅದೇ: ಬಾಯಿಯಿಂದ ಪೈಪ್ ಕ್ಲೀನರ್ ತೂರಿಸುತ್ತಾನೆ, ಅದು ಎಲ್ಲೂ ತಡೆಯದೆ ಬಟ್ಟಲಿಗೆ ಬರಬೇಕು. ಬಾಯಿಂದ ಹೊರಟದ್ದು ತಲೆಯವರೆಗೂ ತಲುಪಿತೇ ಎಂದು ಬೇರೆ ಯಾವ ಗಣ್ಯರನ್ನು ಹೀಗೆ ಪರೀಕ್ಷಿಸುತ್ತಾರೆ?

ಪ್ರಶ್ನೆ: ಭಾರತದಲ್ಲಿ ತಂಬಾಕಿನ ಪೊಟ್ಟಣದ ಮುಖದಲ್ಲಿ ಶೇ. 85 ಭಾಗ ಎಚ್ಚರಿಕೆಯ ಚಿತ್ರ, ಬರಹವೇ ಇರಬೇಕು. ನಿಮ್ಮ ಮೈಮೇಲೆ ಏನೂ ಇಲ್ಲ.

ಪೈಪು: ನಾನು ಬರೀ ಮರ ಮತ್ತು ರಬ್ಬರು, ಸ್ವಾಮಿ. ಅಪರಾಧ ತಂಬಾಕಿನದು. ಅದನ್ನು ನಿಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆಯವರೇ ಬೆಳೆಯುತ್ತಾರೆ, ಸರ್ಕಾರದ ಮಂಡಳಿಯೇ ಹರಾಜು ಹಾಕಿಸುತ್ತದೆ. ಬೆಳೆಯಲು ಒಂದು ಇಲಾಖೆ, ಬೇಡವೆನ್ನಲು ಇನ್ನೊಂದು. ನನ್ನ ಜಂಟಿ ಸಡಿಲವೆಂದು ನಗುತ್ತೀರಿ!

ಪ್ರಶ್ನೆ: ಓದುಗರಿಗೆ ಏನಾದರೂ ಮಾತು?

ಪೈಪು: ಅಜ್ಜನ ಪೆಟ್ಟಿಗೆಯಲ್ಲಿ ನಮ್ಮವರು ಯಾರಾದರೂ ಸಿಕ್ಕರೆ ಬಿಸಿಯಿರುವಾಗ ಎಳೆಯಬೇಡಿ, ತೆಗೆಯುವಾಗಲೂ ಹಾಕುವಾಗಲೂ ಒಂದೇ ದಿಕ್ಕಿಗೆ ಮೆಲ್ಲಗೆ ತಿರುಗಿಸಿ, ಬಿಗಿಯಾಗಿದ್ದರೆ ಗೂಟಕ್ಕೆ ಪೆನ್ಸಿಲ್ಲಿನ ಸೀಸ ಉಜ್ಜಿ. ಫೆವಿಕ್ವಿಕ್ ಮಾತ್ರ ದಯವಿಟ್ಟು ಹತ್ತಿರ ತರಬೇಡಿ. ರಿಪೇರಿಯಾದ ಮೇಲೆ ಷೋಕೇಸಿನಲ್ಲಿಡಿ. ಅಲ್ಲಿ ಕೂತು ನಾವು ಯಾರಿಗೂ ಕೇಡು ಮಾಡಿದ್ದಿಲ್ಲ.