ಉಚಿತ ಪ್ರವೇಶ

ಸಂಗೀತೋತ್ಸವದ ಕರಪತ್ರದ ಕೊನೆಯಲ್ಲಿ ‘ಎಲ್ಲರಿಗೂ ಉಚಿತ ಪ್ರವೇಶ’ ಎಂದು ಅಚ್ಚಾಗಿರುವುದನ್ನು ಓದಿ, ಹೆಗಲ ಮೇಲೆ ಶಲ್ಯವನ್ನಿಳಿಬಿಟ್ಟುಕೊಂಡು, ಮನೆಮಂದಿಯೊಡನೆ ನೆರೆಮನೆಯವರನ್ನೂ ಕರೆದುತಂದು ಮುಂದಿನ ಸಾಲಿನಲ್ಲಿ ಆಸೀನರಾಗುವ ರಸಿಕ ಮಹಾಶಯರಿಗೆ, ಆ ಪ್ರವೇಶವನ್ನು ಉಚಿತಗೊಳಿಸಲು ತಗಲುವ ವೆಚ್ಚವೆಷ್ಟೆಂಬುದು ತಿಳಿಯಬೇಕಾದರೆ, ಅವರು ಒಂದು ವರ್ಷದ ಮಟ್ಟಿಗಾದರೂ ಯಾವುದಾದರೊಂದು ಭಜನಾಮಂಡಳಿಯ ಸದಸ್ಯರಾಗಿ, ರಸೀದಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬೀದಿ ತಿರುಗಬೇಕು.

ನಮ್ಮ ಮಂಡಳಿ ಬಸವನಗುಡಿಯ ಒಂದು ಅಡ್ಡರಸ್ತೆಯಲ್ಲಿರುವ ಆಂಜನೇಯನ ಗುಡಿಯಲ್ಲಿ ಶನಿವಾರದ ಸಂಜೆ ಸೇರುವಂಥದು. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು, ಅಂಚೆ ಕಛೇರಿಯ ಗುಮಾಸ್ತರು, ಹಿಟ್ಟಿನ ಗಿರಣಿಯ ಯಜಮಾನರು, ನಮ್ಮೆಲ್ಲರಿಗಿಂತ ಚೆನ್ನಾಗಿ ಹಾಡಬಲ್ಲರಾದ್ದರಿಂದ ಹಿಂದಿನ ಸಾಲಿಗೆ ಕಳುಹಿಸಲ್ಪಟ್ಟ ಕೆಲವು ಮಂದಿ ಮಹಿಳೆಯರು, ಇವರೊಡನೆ ನಾನು. ಇದಿಷ್ಟೇ ನಮ್ಮ ಗಾಯಕವೃಂದ. ಗಿರಣಿಯ ಯಜಮಾನರ ಕಂಠ ಹಗಲೆಲ್ಲ ಯಂತ್ರಘೋಷವನ್ನು ಮೀರಿ ಮಾತನಾಡಿ ಪಳಗಿದುದು. ಅವರು ಪಲ್ಲವಿಯನ್ನೆತ್ತಿಕೊಂಡರೆ, ಉಳಿದವರು ಶ್ರುತಿಯಲ್ಲಿದ್ದಾರೆಯೇ ಎಂದು ಸಂಶಯಪಡುವ ಪ್ರಮೇಯವೇ ಬಾರದು. ನಮ್ಮ ಹಾರ್ಮೋನಿಯಮ್ಮಿನ ಒಂದು ಸ್ವರವಂತೂ ಬೆರಳು ತಾಕದಿದ್ದರೂ ತಾನಾಗಿಯೇ ನುಡಿಯುತ್ತದೆ. ಆದಕಾರಣ ಆ ಸ್ವರ ಹೊಂದುವ ರಾಗಗಳನ್ನೇ ಆರಿಸಿಕೊಂಡು ಹಾಡುವ ಒಂದು ಸಂಪ್ರದಾಯ ನಮ್ಮಲ್ಲಿ ಬೆಳೆದು ಬಂದಿದೆ.

ಇಂಥ ಗಾಯನಕ್ಕೆ ಟಿಕೇಟು ಮಾರುವಷ್ಟು ಧಾರ್ಷ್ಟ್ಯ ನಮಗಿಲ್ಲ. ನಮ್ಮ ಧ್ಯೇಯ ಬೇರೆ. ಚಾಮರಾಜಪೇಟೆಯಲ್ಲಿ 1939ರಲ್ಲಿ ಶ್ರೀ ರಾಮಸೇವಾ ಮಂಡಳಿಯ ಉತ್ಸವ ಆರಂಭವಾದಂದಿನಿಂದ ಈ ಊರಿನವರಿಗೆ ರಾಮನವಮಿಯೆಂದರೆ ಸಂಗೀತವೆಂಬ ಭಾವನೆ ಬಲವಾಗಿ ಬೇರೂರಿದೆ. ಅದರ ಒಂದು ಪುಟ್ಟ ಕವಲಾದರೂ ನಮ್ಮ ರಸ್ತೆಯಲ್ಲಿ ಚಿಗುರಲೆಂದು, ನಿಜವಾಗಿ ಹಾಡಬಲ್ಲ ವಿದ್ವಾಂಸರನ್ನು ಕರೆಯಿಸಿ, ಅವರಿಗೆ ಯೋಗ್ಯ ಸಂಭಾವನೆಯನ್ನಿತ್ತು, ದೇವರನಾಮಗಳನ್ನೂ ಕೃತಿಗಳನ್ನೂ ಬಡವ ಬಲ್ಲಿದರೆನ್ನದೆ ಎಲ್ಲರ ಕಿವಿಗೂ ಪುಕ್ಕಟೆಯಾಗಿ ಮುಟ್ಟಿಸುವುದೇ ಆ ಧ್ಯೇಯ. ಅದಕ್ಕೆ ಬೇಕಾದ ಹಣಕ್ಕಾಗಿ ಧನುರ್ಮಾಸದ ಚಳಿಯಲ್ಲಿ, ಸೂರ್ಯೋದಯಕ್ಕೆ ಮುಂಚೆ, ಮನೆಮನೆಯ ಮುಂದೆ ನಾವೇ ಹಾಡುತ್ತೇವೆ. ಬೇರೆಯವರು ಚೆನ್ನಾಗಿ ಹಾಡಲೆಂದು ನಾವು ಹೀಗೆ ಹಾಡುವುದರಲ್ಲಿ ಒಂದು ಬಗೆಯ ಆತ್ಮತ್ಯಾಗವಿದೆಯೆಂದು ನಮ್ಮ ಕಾರ್ಯದರ್ಶಿಗಳು ವಾದಿಸುತ್ತಾರೆ. ತ್ಯಾಗ ಮಾಡಿದವರು ಯಾರೆಂಬ ವಿಷಯದಲ್ಲಿ ಮಾತ್ರ ಬೀದಿಯವರಿಗೆ ಭಿನ್ನಾಭಿಪ್ರಾಯವುಂಟು.

ನಮಗೆ ಪೂರ್ವನಿದರ್ಶನಗಳೇನೂ ಕಡಿಮೆಯಿಲ್ಲ. ನವಕೋಟಿ ನಾರಾಯಣನೆನಿಸಿದ್ದವರು ಸರ್ವಸ್ವವನ್ನೂ ತೊರೆದು ಪುರಂದರದಾಸರಾಗಿ ತಂಬೂರಿ ಹಿಡಿದು ಮಧುಕರವೃತ್ತಿಗೆ ಹೊರಟರು. ತ್ಯಾಗರಾಜರು ತಿರುವಯ್ಯಾರಿನ ಬೀದಿಗಳಲ್ಲಿ ಉಂಛವೃತ್ತಿಯಿಂದಲೇ ಜೀವಿಸಿದರು. ಅವರು ಹಾಡಿದಾಗ ಗೃಹಸ್ಥರು ಹೊರಗೆ ಬರುತ್ತಿದ್ದರೆಂಬುದೊಂದೇ ವ್ಯತ್ಯಾಸ. ಆ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು ನಮ್ಮ ಬೆಂಗಳೂರು ನಾಗರತ್ನಮ್ಮನವರು. ಕಚೇರಿಗಳಿಂದ ತಾವು ಗಳಿಸಿದ ಸ್ವತ್ತನ್ನೇ ಸುರಿದು ಆ ಕೆಲಸವನ್ನು ಮಾಡಿದ ಮಹಾನುಭಾವೆ. ಅವರ ಹೆಸರು ನಮ್ಮ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಪ್ರತಿ ವರ್ಷವೂ ಭಕ್ತಿಯಿಂದ ಸ್ಮರಿಸಲ್ಪಡುತ್ತದೆ. ಸ್ಮರಿಸಿದವರ ಬೆರಳಿನ ಉಂಗುರಗಳು ಮಾತ್ರ ಬೆರಳಿನಲ್ಲಿಯೇ ಉಳಿಯುತ್ತವೆ.

ಚಂದಾ ಎತ್ತುವುದೆಂದರೆ ಮನುಷ್ಯಸ್ವಭಾವದ ವಿಶ್ವಕೋಶವನ್ನು ಮನೆಗೊಂದು ಪುಟದಂತೆ ಓದಿದಂತೆ. 50 ರೂಪಾಯಿ ಕೊಟ್ಟರೆ ಅಶುಭವೆಂದು ಭಾವಿಸಿ 51 ಕೊಡುವ ಪುಣ್ಯವಂತರಿದ್ದಾರೆ. ಅದೇ ಶಾಸ್ತ್ರವನ್ನು ಇನ್ನೂ ಸೂಕ್ಷ್ಮವಾಗಿ ಗ್ರಹಿಸಿ, ಶುಭವೆಲ್ಲ ಆ ಒಂದು ರೂಪಾಯಿಯಲ್ಲಿಯೇ ಇರುವಾಗ ಉಳಿದ ಐವತ್ತು ಏಕೆಂದು ಅದೊಂದನ್ನೇ ಕೊಡುವವರೂ ಇದ್ದಾರೆ. ಮೂಲೆಮನೆಯ ರಾಯರು “ಈ ಸಲ ಯಾರ ಕಚೇರಿ?” ಎಂದು ವಿಚಾರಿಸಿ, ನಾವು ಯಾರ ಹೆಸರನ್ನು ಹೇಳಿದರೂ, “ಅಯ್ಯೋ, ಅವರ ಕಂಠ ಹೋಗಿ ಎಷ್ಟೋ ಕಾಲವಾಯಿತಲ್ಲ ಸ್ವಾಮಿ! ಅವರ ಗುರುಗಳದು ಕೇಳಬೇಕಾಗಿತ್ತು” ಎಂದು ನಿಟ್ಟುಸಿರುಬಿಟ್ಟು, ಆ ಸ್ವರ್ಗಸ್ಥ ಗುರುಗಳನ್ನು ಕರೆಸಿದ ಪಕ್ಷದಲ್ಲಿ ಕೈತುಂಬ ಕೊಡುವುದಾಗಿ ಆಶ್ವಾಸನೆಯಿತ್ತು ಬಾಗಿಲು ಹಾಕಿಕೊಳ್ಳುತ್ತಾರೆ. 501 ರೂಪಾಯಿಗಳನ್ನು ಎಣಿಸಿ ಮುಂದಿಟ್ಟ ಮಹನೀಯರೊಬ್ಬರು, ರಸೀದಿ ಬರೆದಾದ ಮೇಲೆ, ತಮ್ಮ ಮೊಮ್ಮಗನು ಪಿಟೀಲನ್ನು ಕಲಿಯಲಾರಂಭಿಸಿರುವ ಸಂಗತಿಯನ್ನು ಮೃದುವಾಗಿ ಪ್ರಸ್ತಾಪಿಸಿದರು.

ಧರ್ಮಾರ್ಥ ಸಂಗೀತದ ಸಂಕಟಗಳು ನಮ್ಮ ದೇಶಕ್ಕೇ ಮೀಸಲಾದುವಲ್ಲ. 1742ನೆಯ ಇಸವಿ ಏಪ್ರಿಲ್ 13ರಂದು ಡಬ್ಲಿನ್ ನಗರದಲ್ಲಿ ಹ್ಯಾಂಡಲನ ‘ಮೆಸೈಯಾ’ ಮೊತ್ತಮೊದಲು ಹಾಡಲ್ಪಟ್ಟಾಗ, ಅದರ ಉತ್ಪನ್ನ ಎರಡು ಆಸ್ಪತ್ರೆಗಳಿಗೂ ಸಾಲ ತೀರಿಸಲಾರದೆ ಸೆರೆಯಲ್ಲಿದ್ದವರ ಬಿಡುಗಡೆಗೂ ಸಲ್ಲಬೇಕಾಗಿದ್ದಿತು. ಹೆಚ್ಚು ಜನ ಹಿಡಿಸಲೆಂದು, ಹೆಂಗಸರು ಲಂಗದ ಬಳೆಗಟ್ಟುಗಳನ್ನೂ ಗಂಡಸರು ಸೊಂಟದ ಕತ್ತಿಗಳನ್ನೂ ಮನೆಯಲ್ಲಿಯೇ ಬಿಟ್ಟು ಬರಬೇಕೆಂದು ಸಂಚಾಲಕರು ಪ್ರಾರ್ಥಿಸಿದ್ದರಂತೆ. ಆ ಹಣದಿಂದ 142 ಮಂದಿ ಋಣಮುಕ್ತರಾಗಿ ಹೊರಬಂದರೆಂದು ಇತಿಹಾಸ ಹೇಳುತ್ತದೆ. ನಮ್ಮ ಶ್ರೋತೃಗಳು ಕತ್ತಿಗಳನ್ನು ತರುವುದಿಲ್ಲವೆಂಬುದು ನಿಜ. ಕೊಡೆ, ಕೈಚೀಲ, ಪಾನಕಕ್ಕೆಂದು ಮುಚ್ಚಳವಿರುವ ತಂಬಿಗೆ, ಇವುಗಳಿಗೆ ಜಾಗ ಮಾಡಿಕೊಡುವುದೇ ಸಾಕಾಗುತ್ತದೆ. ಋಣದ ವಿಷಯಕ್ಕೆ ಬಂದರೆ, ಉತ್ಸವ ಮುಗಿದ ಮೇಲೆ ಸೆರೆಗೆ ಹೋಗುವ ಸಂಭವವಿರುವವರು ನಮ್ಮ ಖಜಾಂಚಿಗಳೊಬ್ಬರೇ. ಚಪ್ಪರದವನು, ಧ್ವನಿವರ್ಧಕದವನು, ಪಕ್ಕವಾದ್ಯದವರು, ಬೆಲ್ಲ ಮತ್ತು ಹೆಸರುಬೇಳೆಯ ಅಂಗಡಿಯವನು, ಇವರಲ್ಲಿ ಯಾರೊಬ್ಬರಿಗೂ ಪ್ರವೇಶ ಉಚಿತವೆಂಬ ವಾರ್ತೆ ತಲುಪಿರುವುದಿಲ್ಲ. ಮೃದಂಗದ ತನಿ ಆವರ್ತನಕ್ಕೆ ಎದ್ದುಹೋಗುವ ಸಭೆ, ಕೋಸಂಬರಿಯ ಬೋಗುಣಿ ಗುಡಿಯೊಳಗಿನಿಂದ ಹೊರಟಿತೆಂದರೆ ಕ್ಷಣಮಾತ್ರದಲ್ಲಿ ಇಮ್ಮಡಿಯಾಗಿ ಸೇರುತ್ತದೆ.

ಕಳೆದ ಧನುರ್ಮಾಸದಲ್ಲಿ ನಮ್ಮ ಬೀದಿಯ ನಿವೃತ್ತ ಅಮಲ್ದಾರರು ಕಾರ್ಯದರ್ಶಿಗಳನ್ನು ಏಕಾಂತಕ್ಕೆ ಕರೆದು, ತಾವು 101 ರೂಪಾಯಿಗಳನ್ನು ಮುಂಗಡವಾಗಿಯೇ ಕೊಡುವುದಾಗಿಯೂ, ಪ್ರತಿಯಾಗಿ ಮಂಡಳಿ ತಮ್ಮ ಮನೆಯನ್ನು ದಾಟುವಾಗ ಬಾಯಿ ಮುಚ್ಚಿಕೊಂಡು ದಾಟಬೇಕೆಂದೂ ಒಂದು ಕರಾರನ್ನು ಮುಂದಿಟ್ಟರು. ಸ್ವಾಭಿಮಾನಕ್ಕೂ ಧ್ವನಿವರ್ಧಕದ ಬಾಡಿಗೆಗೂ ನಡೆದ ದೀರ್ಘ ಚರ್ಚೆಯಲ್ಲಿ ಬಾಡಿಗೆಯೇ ಗೆದ್ದಿತು. ಮರುದಿನ ಮುಂಜಾನೆ, ಗಿರಣಿಯ ಯಜಮಾನರ ಬಾಯಿಗೆ ಅವರದೇ ಉತ್ತರೀಯವನ್ನು ಒತ್ತಿ ಹಿಡಿದು, ತಾಳಗಳನ್ನು ಜೇಬಿಗಿಳಿಸಿ, ನಾವು ಆ ಮನೆಯನ್ನು ದಾಟುತ್ತಿರುವಾಗ, ಅಮಲ್ದಾರರ ಪತ್ನಿ ರಂಗೋಲಿಯ ಬಟ್ಟಲನ್ನು ಹಿಡಿದು ಹೊರಗೆ ಬಂದರು. “ಏನಪ್ಪಾ, ಊರಿಗೆಲ್ಲ ಹಾಡುತ್ತೀರಿ, ನಮ್ಮ ಬಾಗಿಲಿಗೆ ಬಂದಾಗ ಮಾತ್ರ ಸುಮ್ಮನಾಗುತ್ತೀರಿ? ನಮ್ಮ ಮನೆಯೇನು ಸೂತಕದ ಮನೆಯೇ?” ಎಂದು ಗದರಿ, 51 ರೂಪಾಯಿಗಳನ್ನು ತಂದುಕೊಟ್ಟು, ಎರಡು ದೇವರನಾಮಗಳನ್ನು ಪೂರ್ತಿಯಾಗಿ ಹಾಡಿಸಿಕೊಂಡರು. ಮಹಡಿಯ ಕಿಟಕಿಯೊಂದು ತೆರೆದು, ಕೆಳಗೆ ಪತ್ನಿಯನ್ನು ಕಂಡು, ಮತ್ತೆ ಮುಚ್ಚಿಕೊಂಡಿತು.

ಲೆಕ್ಕಪರಿಶೋಧನೆಯ ದಿನ ಇದರಿಂದ ಒಂದು ತೊಡಕು ಹುಟ್ಟಿತು. ಒಂದೇ ಮನೆಯಿಂದ ಒಂದೇ ಬೆಳಗಿನ ಬಾಬ್ತಿಗೆ ಎರಡು ರಸೀದಿಗಳೇಕೆಂದು ಕೇಳಿದ ಪರಿಶೋಧಕರಿಗೆ, ನಮ್ಮ ಖಜಾಂಚಿಗಳು ಕನ್ನಡಕವನ್ನು ಒರೆಸಿಕೊಂಡು, ಎರಡನೆಯದು ಹಾಡಿದ್ದಕ್ಕೆಂದೂ ಮೊದಲನೆಯದು ಹಾಡದೆ ಇದ್ದುದಕ್ಕೆಂದೂ ಅತ್ಯಂತ ಪ್ರಾಮಾಣಿಕವಾಗಿ ವಿವರಿಸಿದರು. ಪರಿಶೋಧಕರು ನಮ್ಮ ಬೀದಿಯವರೇ. ಅವರು ಎರಡು ಮೊತ್ತಗಳನ್ನೂ ಬಹಳ ಹೊತ್ತು ನೋಡಿ, ಬರುವ ವರ್ಷದ ಆಯವ್ಯಯದಲ್ಲಿ ಮೊದಲನೆಯ ಬಾಬ್ತನ್ನು ವಿಸ್ತರಿಸಲು ಅವಕಾಶವಿದೆಯೆಂದು ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದರು.